ಕಾರ್ಡಿನಲ್ಲಿರುವ ಹೆಂಡತಿ

ವಿಚ್ಛೇದನ ಕೊಡುವಾಗ ಕೋರ್ಟು ಒಂದು ಷರತ್ತು ಹಾಕಿತ್ತು: ಮೊದಲ ಹೆಂಡತಿ ಮಂದಾಕಿನಿಯ ಆರೋಗ್ಯ ವಿಮೆಯನ್ನು ಅವನೇ ಮುಂದುವರಿಸಬೇಕು. ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲಂತೂ ಆ ಕಂತು ಕಟ್ಟುವಾಗಲೆಲ್ಲ ಅವನ ಹೊಟ್ಟೆ ಉರಿಯುತ್ತಿತ್ತು. ಹೊಸಬಳಿಗೆ ಬೇರೆ ವಿಮೆ ಮಾಡಿಸುವಷ್ಟು ದಡ್ಡ ಅವನಲ್ಲ.

ಆಸ್ಪತ್ರೆಯ ಬಾಗಿಲಲ್ಲೇ ಅವಳಿಗೆ ಪಾಠ ಹೇಳಿಕೊಟ್ಟ. "ಯಾರು ಕೇಳಿದ್ರೂ ಹೆಸರು ಮಂದಾಕಿನಿ ಅನ್ನು."

"ಅವಳ ಹೆಸರಲ್ಲಿ ನಾನು ಹೆರ್ಬೇಕಾ?" ತುಂಬುಗರ್ಭಿಣಿ ಆ ನೋವಿನಲ್ಲೂ ಕೆಂಗಣ್ಣು ಬಿಟ್ಟಳು.

"ಇಷ್ಟು ವರ್ಷ ದಂಡಕ್ಕೆ ಕಟ್ಟಿದ್ದೀನಿ ಕಣೇ. ಆ ಪುಣ್ಯಾತ್ಗಿತ್ತಿಗೆ ಒಂದು ನೆಗಡೀನೂ ಬಂದಿಲ್ಲ. ನಾವಾದ್ರೂ ಉಪಯೋಗಿಸ್ಕೊಳ್ಳೋಣ."

ಕಾರ್ಡಿನಲ್ಲಿ ಫೋಟೋ ಇರಲಿಲ್ಲ. ದೇವರು ಅವನ ಕಡೆಗೇ ಇದ್ದ. ವಿಮೆ ಕೌಂಟರಿನ ಹುಡುಗಿ ಕಾರ್ಡಿನ ನಂಬರನ್ನು ಕಂಪ್ಯೂಟರಿಗೆ ಹಾಕಿದಳು. ಒಮ್ಮೆ ಪರದೆಯನ್ನು, ಒಮ್ಮೆ ಆ ಹೊಟ್ಟೆಯನ್ನು ನೋಡಿದಳು.

"ಇವ್ರೇನಾ ಸಾರ್ ಮಂದಾಕಿನಿ?"

"ಏನಮ್ಮಾ, ನನ್ನ ಹೆಂಡ್ತಿ ಯಾರು ಅಂತ ನನಗೆ ಗೊತ್ತಿರಲ್ವಾ?" ಎಂದು ಗದರಿದ.

"ಹಾಗಲ್ಲ ಸಾರ್, ಹೆರಿಗೆಗೆ ಅಂತಿದ್ದೀರಿ. ಹೋದ ವರ್ಷ ಇದೇ ಕಾರ್ಡಲ್ಲಿ ಇವ್ರ ಗರ್ಭಕೋಶಾನೇ ತೆಗೆದಿದ್ದಾರಲ್ಲ!"