ಮೇಲಿನ ಮನೆಯ ಕಣ್ಣು

ಕಿಟಕಿ ತೆರೆದು ಕಾಲು ಗಂಟೆಯಾಗಿರಲಿಲ್ಲ, ಫೋನು ರಿಂಗಾಯಿತು.

"ಕಿಟಕಿ ಮುಚ್ಚು ಮಗಾ. ಊರಿಗೆಲ್ಲ ಬಿಸಿ ಹಂಚೋಕೆ ನೀನೇನು ಸೂರ್ಯನಾ?"

ಸ್ರೇತನ್ ಬೆವರು ಒರೆಸಿಕೊಂಡು ಮುಚ್ಚಿದ. ಹೊರಗೆ ಸೊಂಬೋರ್ ಊರಿನ ಬೀದಿಯಲ್ಲಿ ಮೊಣಕಾಲುದ್ದ ಹಿಮ; ಒಳಗೆ ಅವನು ಬನಿಯನ್ನಿನಲ್ಲಿ. ಈ ವಾರದಲ್ಲಿ ಇದು ನಾಲ್ಕನೇ ಸಲ. ಮನೆ ಒಡತಿ ಯಗೋದಮ್ಮ ಇರುವುದು ಮೇಲಿನ ಮಹಡಿಯಲ್ಲಿ. ಅವನ ಕಿಟಕಿ ಹಿತ್ತಲಿಗೆ, ಅವರ ಕಿಟಕಿಗಳೆಲ್ಲ ಬೀದಿಗೆ. ಹಾಗಿದ್ದೂ ಅವರಿಗೆ ಹೇಗೆ ಗೊತ್ತಾಗುತ್ತದೆ?

ಕೋಣೆ ಬಿಸಿ ಮಾಡುವ ಗೋಡೆಯ ರೇಡಿಯೇಟರಿಗೆ ವಾಲ್ವೇ ಇರಲಿಲ್ಲ. ಊರ ಬಾಯ್ಲರಿನ ಬಿಸಿನೀರು ಅಕ್ಟೋಬರಿನಲ್ಲಿ ಶುರುವಾದರೆ ಏಪ್ರಿಲ್‌ವರೆಗೆ ಬಂದದ್ದೇ, ತಗ್ಗಿಸುವಂತಿಲ್ಲ, ನಿಲ್ಲಿಸುವಂತಿಲ್ಲ. ಬೇರೆಯವರಾದರೆ ಸಹಿಸುತ್ತಿದ್ದರೇನೋ. ಸ್ರೇತನ್ ತಂತಿವಾದ್ಯಗಳನ್ನು ರಿಪೇರಿ ಮಾಡುವವನು. ಆ ಕಾವಿಗೆ ಮರ ಬಿರಿಯುತ್ತಿತ್ತು. ಮೊನ್ನೆ ಮುದುಕನೊಬ್ಬ ತನ್ನ ಅಪ್ಪ ನುಡಿಸುತ್ತಿದ್ದ ತಂಬೂರಿಯನ್ನು ನಂಬಿ ಕೊಟ್ಟುಹೋಗಿದ್ದ. ಮಾರನೆಯ ದಿನವೇ ಅದರ ಎದೆಯಲ್ಲಿ ಕೂದಲೆಳೆಯ ಸೀಳು.

"ಒಂದು ವಾಲ್ವ್ ಹಾಕಿಸಿಕೊಡಿ ಯಗೋದಮ್ಮ," ಎಂದು ಕೆಳಗೆ ಬಂದಿದ್ದವರನ್ನು ಹಿಡಿದು ಕೇಳಿದ.

"ಚಳಿ ಅಂತ ಅಳೋರನ್ನ ನೋಡಿದೀನಿ. ಬಿಸಿ ಅಂತ ಅಳೋನು ನೀನೊಬ್ಬನೇ!" ಅವರು ಗಸಗಸೆ ತುಂಬಿದ ರೊಟ್ಟಿಸುರುಳಿಯನ್ನು ಅವನ ಕೈಗಿಟ್ಟರು. "ತಿನ್ನು, ಎಲ್ಲ ಸರಿಹೋಗುತ್ತೆ."

"ನಾನೇ ಹಾಕಿಸ್ಕೋತೀನಿ. ನಿಮಗೆ ಬಿಡಿಗಾಸಿನ ಖರ್ಚಿಲ್ಲ."

ಯಗೋದಮ್ಮನ ಮುಖ ಬಿಳಿಚಿತು. "ನನ್ನ ಮನೆ ಪೈಪು ಮುಟ್ಟಿ ನೋಡು, ಕೈ ಮುರೀತೀನಿ!"

ಬಿಟ್ಟಿ ಸಿಕ್ಕರೂ ಬೇಡವೆನ್ನುವ ಮನೆ ಒಡತಿ! ಸ್ರೇತನನ ಅನುಮಾನ ಗಟ್ಟಿಯಾಯಿತು. ಎಲ್ಲೋ ಕ್ಯಾಮೆರಾ ಇಟ್ಟಿದ್ದಾರೆ. ದೀಪ ಬಿಚ್ಚಿದ, ಗಡಿಯಾರ ಬಿಚ್ಚಿದ, ಸಂತ ನಿಕೊಲಾಯನ ಪಟವನ್ನೂ ಕ್ಷಮೆ ಕೇಳಿಕೊಂಡು ತಿರುಗಿಸಿ ನೋಡಿದ. ಏನೂ ಸಿಗಲಿಲ್ಲ.

ಸಿಟ್ಟು ನೆತ್ತಿಗೇರಿತು. ಮನೆ ಬಿಡುತ್ತೇನೆಂದು ನಾಲ್ಕು ಸಾಲು ಗೀಚಿದ. ಬೇಕೆಂದೇ ಕಿಟಕಿಯನ್ನು ಪೂರ್ತಿ ತೆರೆದಿಟ್ಟು ಊಟ ಮುಗಿಸಿ, ಚೀಟಿ ಹಿಡಿದು ಮೆಟ್ಟಿಲೇರಿದ. ಅರ್ಧ ದಾರಿಯಲ್ಲೇ ಜೇಬಿನ ಫೋನು ರಿಂಗಾಯಿತು. ಎತ್ತಲಿಲ್ಲ. ಎಂದೂ ತನ್ನನ್ನು ಒಳಗೆ ಕರೆಯದ ಆ ಬಾಗಿಲನ್ನು ಸೀದಾ ತಳ್ಳಿದ.

"ಕ್ಯಾಮೆರಾ ಎಲ್ಲಿಟ್ಟಿದ್ದೀರಿ?"

ಯಗೋದಮ್ಮನೂ ಅದೇ ಬೀದಿಯ ಮೂವರು ಅಜ್ಜಿಯರೂ ಮರದ ಹಲಗೆಯ ನೆಲದ ಮೇಲೆ ಕುಳಿತು ಇಸ್ಪೀಟು ಆಡುತ್ತಿದ್ದರು. ಮೈಮೇಲೆ ಕೋಟು, ತಲೆಗೆ ಉಣ್ಣೆಯ ವಸ್ತ್ರ. ಗೋಡೆಯಲ್ಲಿ ರೇಡಿಯೇಟರ್ ಇರಬೇಕಾದಲ್ಲಿ ಬಾಯಿ ಮುಚ್ಚಿದ ಎರಡು ಮೋಟು ಪೈಪುಗಳು.

"ಎರಡು ವರ್ಷದ ಹಿಂದೆ ಒಡೆದುಹೋಯ್ತು, ಕೀಳಿಸಿಬಿಟ್ಟೆ," ಯಗೋದಮ್ಮ ತಲೆ ತಗ್ಗಿಸಿದರು. "ಮತ್ತೆ ಹಾಕಿಸೋ ಶಕ್ತಿ ಇಲ್ಲ ಮಗಾ. ನೆಲದಿಂದ ಏರಿಬರೋ ಬಾಡಿಗೆಯವನ ಮನೆ ಕಾವಿನಲ್ಲಿ ಬದುಕ್ತಿದೀನಿ ಅಂತ ಯಾವ ಬಾಯಲ್ಲಿ ಹೇಳಲಿ?"

ಸ್ರೇತನ್ ಚೀಟಿಯನ್ನು ಮುದುರಿ ಜೇಬಿಗೆ ತುರುಕಿದ. ಅಲ್ಲಿನ ಗಾಳಿಯನ್ನೊಮ್ಮೆ ಮೂಗಿನಲ್ಲಿ ಎಳೆದು ನೋಡಿದ. ಮರಕ್ಕೆ ಹೇಳಿ ಮಾಡಿಸಿದಂಥ ತಂಪು.

"ಕೆಳಗಿನ ಬಿಸಿ ನಿಮಗೇ ಇರಲಿ. ನನ್ನ ತಂಬೂರಿಗಳನ್ನ ಇಲ್ಲಿಡ್ತೀನಿ, ಆಗಬಹುದಾ? ಆದ್ರೆ ಆ ಕ್ಯಾಮೆರಾ ಎಲ್ಲಿದೆ, ಅದನ್ನಾದ್ರೂ ಹೇಳಿ."

"ಇದೋ ನೋಡು," ಎಂದು ಯಗೋದಮ್ಮ ಬರಿಗಾಲಿನ ಹತ್ತು ಬೆರಳುಗಳನ್ನೂ ಆಡಿಸಿದರು. "ಆಗಲೇ ತಣ್ಣಗಾಗ್ತಿವೆ. ಹೋಗು, ಮೊದಲು ಕಿಟಕಿ ಮುಚ್ಚಿ ಬಾ!"