ಸಲೋಮಿ ಟೀಚರ್ ಅವರ ಹದಿನಾಲ್ಕು ಈಸ್ಟರ್ ಕಾರ್ಡುಗಳು

ಚಹಾ ಆರುವಷ್ಟರಲ್ಲಿ ಓದಿ ಮುಗಿಸಬಹುದಾದ ಕಥೆ ಇದು... ಓದಿದ ಮೇಲೆ ಚಹಾ ನೆನಪಾಗದಿದ್ದರೆ ನನ್ನನ್ನು ಬೈಯಬೇಡಿ.

ಬೆಟಗೇರಿಯಲ್ಲಿ ವಿರೂಪಾಕ್ಷನದೊಂದು ಲಗ್ನಪತ್ರಿಕೆ ಅಂಗಡಿ. ಹಿಂದುಗಡೆಯೇ ಪ್ರಿಂಟಿಂಗ್ ಪ್ರೆಸ್ಸು. ಮದುವೆ ಸೀಸನ್ ಬಂತೆಂದರೆ ಅವನಿಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತು ಇರುವುದಿಲ್ಲ.

ಅಂಥ ಗಡಿಬಿಡಿಯ ಒಂದು ಬುಧವಾರ ಬೆಳಿಗ್ಗೆ ಸಲೋಮಿ ಟೀಚರ್ ಅಂಗಡಿಗೆ ಬಂದರು. ಎಪ್ಪತ್ನಾಲ್ಕು ವರ್ಷದ ನಿವೃತ್ತ ಡ್ರಾಯಿಂಗ್ ಟೀಚರ್. ಕೈಯಲ್ಲಿ ಹಳೆಯ ಕ್ಯಾಲೆಂಡರಿನಲ್ಲಿ ಸುತ್ತಿದ ಹದಿನಾಲ್ಕು ಹಾಳೆಗಳು.

ಒಂದೊಂದು ಹಾಳೆಯ ಮೇಲೂ ವಾಟರ್ ಕಲರ್‌ನಲ್ಲಿ ಬರೆದ ಒಂದೊಂದು ಹೂವು...

ಟೀಚರ್ ಅವರ ಚರ್ಚಿನವರು ಈಸ್ಟರ್ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಸ್ಮಶಾನದಲ್ಲಿ ಸೇರುತ್ತಾರೆ. ಸಮಾಧಿಗಳಿಗೆ ಹೂವಿಟ್ಟು ಪ್ರಾರ್ಥನೆ ಮಾಡುತ್ತಾರೆ. ಆ ವರ್ಷ ಮನೆಯವರನ್ನು ಕಳೆದುಕೊಂಡವರಿಗೆ ಟೀಚರ್ ಅಲ್ಲಿ ತಮ್ಮ ಕೈಯಾರೆ ಮಾಡಿದ ಕಾರ್ಡು ಕೊಡುತ್ತಿದ್ದರು.

ತೀರಿಹೋದವರಿಗೆ ಯಾವ ಹೂವು ಇಷ್ಟವಿತ್ತೋ, ಕಾರ್ಡಿನ ಮೇಲೆ ಅದೇ ಹೂವು. ಟೇಲರ್ ಯಾಕೋಬಣ್ಣನ ಮನೆಗೆ ಕಣಗಿಲೆ. ನರ್ಸ್ ರತ್ನಮ್ಮನ ಮನೆಗೆ ಕೆಂಪು ದಾಸವಾಳ.

ಆ ಹೂವುಗಳನ್ನು ಕತ್ತರಿಸಿಕೊಡುವುದು ವಿರೂಪಾಕ್ಷನ ಕೆಲಸ. ಐದೆಸಳಿನ ಹೂವಿನ ಆಕಾರಕ್ಕೆ ಬಗ್ಗಿಸಿದ ಉಕ್ಕಿನ ಅಲಗಿಗೆ ಡೈ ಎನ್ನುತ್ತಾರೆ. ಟೀಚರ್ ಎಲ್ಲ ಹೂವುಗಳನ್ನೂ ಆ ಒಂದೇ ಡೈಯ ಅಳತೆಗೆ ಬರೆದಿದ್ದರು. ಅದರಡಿ ಹಾಳೆ ಇಟ್ಟು ಒತ್ತಿದರೆ ಹೂವು ಬಿಡಿಯಾಗಿ ಬರುತ್ತದೆ. ಅದನ್ನು ಕಾರ್ಡಿನ ಮೇಲೆ ಸ್ವಲ್ಪ ಎತ್ತರಿಸಿ ಅಂಟಿಸಿದರೆ ಈಗಷ್ಟೇ ಅರಳಿದಂತೆ ಕಾಣುತ್ತದೆ.

"ಒಂದೊಂದ ಹಾಳಿ ಇಟ್ಟು ಒತ್ತು ತಮ್ಮಾ... ಅವಸರ ಮಾಡಬ್ಯಾಡ," ಎಂದರು ಟೀಚರ್.

"ನೀವು ಚಿಂತಿ ಬಿಡ್ರಿ ಟೀಚರ್. ಸಂಜೀಕ ಬರ್ರಿ, ಮಾಡಿ ಇಟ್ಟಿರ್ತೀನಿ," ಎಂದ ವಿರೂಪಾಕ್ಷ.

ಅವರು ಆಚೆ ಹೋದರೋ ಇಲ್ಲವೋ, ಯಾರೋ ಮದುಮಗಳ ತಂದೆಯ ಫೋನು... ಪತ್ರಿಕೆಯಲ್ಲಿ ಸೋದರಮಾವನ ಹೆಸರೇ ಬಿಟ್ಟುಹೋಗಿದೆಯಂತೆ! ಆ ಕಡೆಯಿಂದ ಕೂಗಾಟ, ಈ ಕಡೆಯಿಂದ ಸಮಾಧಾನ. ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡ ವಿರೂಪಾಕ್ಷ, ನಾಲ್ಕು ನಾಲ್ಕು ಹಾಳೆ ಒಟ್ಟಿಗೆ ಸೇರಿಸಿ ಒತ್ತಿಯೇಬಿಟ್ಟ.

ಕೆಲಸ ಮುಗಿದ ಮೇಲೆ ತೆಗೆದು ನೋಡಿದರೆ... ಹಾಳೆಗಳು ಒಳಗೇ ಜರುಗಿದ್ದವು. ದಾಸವಾಳದ ಎರಡು ಎಸಳು ಇರಲಿಲ್ಲ. ಕಣಗಿಲೆ ನಡುವೆ ಸೀಳಿತ್ತು. ಹದಿನಾಲ್ಕರಲ್ಲಿ ಒಂದೂ ನೆಟ್ಟಗಿರಲಿಲ್ಲ.

ಸಂಜೆ ಟೀಚರ್ ಬಂದಾಗ ಅವನ ಬಾಯಿಂದ ಸುಳ್ಳು ತಾನಾಗಿಯೇ ಜಾರಿತು.

"ಪೇಪರ್ ಹಸಿ ಇತ್ರಿ ಟೀಚರ್... ನೀವು ಹಚ್ಚಿದ ಬಣ್ಣ ಒಣಗಿರಲಿಲ್ಲ. ಹಿಂಗಾಗಿ ಒಳಗ ಜಾರಿಬಿಟ್ಟಾವ."

ಟೀಚರ್ ಆ ತುಂಡುಗಳನ್ನು ಬಹಳ ಹೊತ್ತು ನೋಡಿದರು. ಬೈಯಲಿಲ್ಲ.

"ನಂದ ತಪ್ಪು ನೋಡಪ್ಪಾ. ಸೀಸನ್‌ನ್ಯಾಗ ನಿನ್ನ ಟೈಮ್ ಹಾಳು ಮಾಡಿದೆ," ಎಂದು ಅವನಿಗೇ ಕೈಮುಗಿದು ಹೊರಟರು.

ಬದುಕಿದೆಯಾ ಬಡಜೀವವೇ ಎಂದುಕೊಂಡ ವಿರೂಪಾಕ್ಷ. ಆದರೆ ಎರಡು ದಿನ ಯಾಕೋ ಅನ್ನ ರುಚಿಸಲಿಲ್ಲ... ಆ ಮುಗಿದ ಕೈಗಳೇ ಕಣ್ಣ ಮುಂದೆ ಬರುತ್ತಿದ್ದವು.

ಶನಿವಾರ ಬೆಳಿಗ್ಗೆ, ಮತ್ತೆ ಡೈ ಹೊಡೆದುಕೊಡುತ್ತೇನೆ ಎಂದು ಹೇಳುವ ನೆಪದಲ್ಲಿ ಅವರ ಮನೆಗೆ ಹೋದ.

ಅಂಗಳದ ಮಂಚದ ಮೇಲೆ ಒಂಬತ್ತು ಹೊಸ ಹೂವುಗಳು ಒಣಗುತ್ತಿದ್ದವು. ಟೀಚರ್ ಒಂದು ಹಾಳೆ ಎತ್ತುವುದು, ಕೆನ್ನೆಗೆ ಒತ್ತಿ ನೋಡುವುದು, ಇಡುವುದು... ಮತ್ತೆ ಅದೇ ಹಾಳೆಯನ್ನು ಎತ್ತುವುದು.

"ಏನ್ ಮಾಡಾಕತ್ತೀರಿ ಟೀಚರ್?"

"ಒಣಗೇತೋ ಇಲ್ಲೋ ನೋಡಾಕತ್ತೀನಿ. ಇಷ್ಟು ವರ್ಷ ಬಣ್ಣ ಒಣಗಿದ್ದು ಬೆರಳಿಗೇ ತಿಳೀತಿತ್ತು... ಈಗ ನನ್ನ ಕೈ ಮ್ಯಾಲ ನನಗ ಭರೋಸಾ ಹೋಗೇತಿ ನೋಡು."

ಟೀಚರ್ ನಕ್ಕರು. ಆ ನಗು ನೋಡಲಾಗಲಿಲ್ಲ.

"ಇದ ಕಡೀ ಸಲ. ಮುಂದಿನ ವರ್ಷದಿಂದ ರೆಡಿಮೇಡ್ ಕಾರ್ಡ್ ತರಸ್ರಿ ಅಂತ ಚರ್ಚಿನವರಿಗೆ ಹೇಳೀನಿ. ಹಸಿ-ಒಣ ತಿಳೀದ ಕೈಯಾಗ ಬ್ರಶ್ ಯಾಕ ಬೇಕು?"

ತಾನು ಹಾಳು ಮಾಡಿದ್ದು ಬರೀ ಹದಿನಾಲ್ಕು ಹಾಳೆ ಎಂದುಕೊಂಡಿದ್ದ ವಿರೂಪಾಕ್ಷ...

ಹೊರಗೆ ಬಂದ. ಸ್ಕೂಟರ್ ಸ್ಟಾರ್ಟ್ ಮಾಡಿದ. ಆಫ್ ಮಾಡಿದ. ಮತ್ತೆ ಒಳಗೆ ಹೋದ.

"ಟೀಚರ್... ಪೇಪರ್ ಹಸಿ ಇರಲಿಲ್ಲ. ನಾ ಫೋನ್‌ನ್ಯಾಗ ಮಾತಾಡ್ಕೋತ ನಾಲ್ಕ್ ನಾಲ್ಕ್ ಹಾಳಿ ಕೂಡಿಸಿ ಒತ್ತಿದೆ. ನಿಮಗ ಸುಳ್ಳು ಹೇಳಿದೆ."

ತಲೆ ತಗ್ಗಿಸಿ ನಿಂತ. ಬೈದರೂ ಸರಿ, ಹೊರಗೆ ಹಾಕಿದರೂ ಸರಿ ಎಂದು ಕಾದ.

"ಹಂಗಾದ್ರ... ಪೇಪರ್ ಒಣಗಿತ್ತು?"

"ಒಣಗಿತ್ರಿ."

"ಖರೇ ಹೇಳು. ನನ್ನ ಸಮಾಧಾನಕ್ಕ ಹೇಳಬ್ಯಾಡ."

"ನನ್ನ ಮಕ್ಕಳಾಣಿ ಟೀಚರ್, ಖಡಕ್ ಒಣಗಿತ್ತು."

ಟೀಚರ್ ತಮ್ಮ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಕಣ್ಣು ತುಂಬಿ ಬಂತು.

"ನನ್ನ ಕೈ ಇನ್ನೂ ಹೋಗಿಲ್ಲಲ್ಲೋ ತಮ್ಮಾ...!"

ಅಳುತ್ತಲೇ ನಕ್ಕರು. ಅವನ ಮೇಲಿನ ಸಿಟ್ಟಿಗೆ ಆ ಸಂತೋಷದಲ್ಲಿ ಜಾಗವೇ ಇರಲಿಲ್ಲ. ಮೀಸೆ ಹೊತ್ತ ಗಂಡಸು ವಿರೂಪಾಕ್ಷ, ಮಂಚದ ಕಾಲಿನ ಬಳಿ ಕುಸಿದು ಮಗುವಿನಂತೆ ಅತ್ತುಬಿಟ್ಟ.

"ಅಳೂದು ಆಮ್ಯಾಲ. ಇನ್ನೂ ಐದು ಹೂವ ಬಾಕಿ ಅದಾವ... ಆ ನೀರಿನ ಬಟ್ಟಲ ಇತ್ತ ಸರಿಸು," ಎಂದರು ಟೀಚರ್, ಬ್ರಶ್ ಕೈಗೆತ್ತಿಕೊಳ್ಳುತ್ತಾ.

ಈ ಸಲ ಅವರು ಯಾವ ಹಾಳೆಯನ್ನೂ ಕೆನ್ನೆಗೆ ಒತ್ತಿ ನೋಡಲಿಲ್ಲ.

ನಮ್ಮ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದರೆ ನಾವು ಪಾರಾಗುತ್ತೇವೆ... ಅವರು ತಮ್ಮ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುತ್ತಾರೆ.

ನಾವು ಎಂದೋ ಹೇಳಿ ಮರೆತ ಒಂದು ಸಣ್ಣ ಸುಳ್ಳಿನಿಂದ, ಇವತ್ತಿಗೂ ಯಾರಾದರೂ ತಮ್ಮ ಕೈಯನ್ನೇ ಅನುಮಾನಿಸುತ್ತಾ ಕೂತಿರಬಹುದೇ...?