ಅರ್ಧ ಬೆಳ್ಳಗಾದ ತಾರಸಿ

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ಮಲಗುವ ಕೋಣೆಯ ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಿದವಳು ಹಾಗೇ ನಿಂತಳು. ಹೊರಗೆ ಬಿಸಿಲು ಚುರುಗುಟ್ಟುತ್ತಿದ್ದರೂ ಕೋಣೆ ತಂಪಾಗಿತ್ತು. ಗಂಡ ಸತ್ತ ಮೇಲೆ ಅವಳ ಮೈಗೆ ತಟ್ಟಿದ ಮೊದಲ ಸಂಗತಿ ಅದು. ಹೋಗುವ ಹಿಂದಿನ ವಾರ ಅವನು ಈ ಕೋಣೆಯ ಮೇಲಿನ ತಾರಸಿಗೆ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿದಿದ್ದ. "ಇನ್ಮೇಲೆ ಫ್ಯಾನಿಗೂ ರಜೆ, ಕರೆಂಟಿಗೂ ರಜೆ," ಎಂದಿದ್ದ. "ಮೊದ್ಲು ನಿಮ್ಮ ಬಾಯಿಗೆ ರಜೆ ಕೊಡಿ," ಎಂದಿದ್ದಳು ಅವಳು.

ಅಡುಗೆಮನೆ ಮಾತ್ರ ಕಾದ ಬಾಣಲೆಯಂತಿತ್ತು. ಅದರ ಮೇಲಿನ ಅರ್ಧ ತಾರಸಿ ಬಣ್ಣ ಕಾಣದೆ ಹಾಗೇ ಉಳಿದಿತ್ತು. ಕೆಳಮನೆಯ ಪೇಂಟರ್ ಮಾವನಿಂದ ಅವನು ಎರವಲು ತಂದಿದ್ದ ಉದ್ದ ಹಿಡಿಯ ರೋಲರ್ ನೀರಿನ ಟ್ಯಾಂಕಿಗೆ ಒರಗಿತ್ತು. ಅವಳು ತಾರಸಿ ಹತ್ತಿ ಬಣ್ಣದ ಡಬ್ಬಿಯ ಮುಚ್ಚಳ ತೆಗೆದಳು.

ಸಂಜೆ ರೋಲರ್ ತೊಳೆದು ಮಾವನ ಬಾಗಿಲು ತಟ್ಟಿದಳು.

"ಇದಕ್ಕೇನು ಅವಸರ ಇತ್ತಮ್ಮಾ, ನಾನು ಕೇಳಿದ್ನಾ?" ಎಂದವರು ಅವಳ ಮೊಣಕೈಗೆ ಮೆತ್ತಿದ್ದ ಬಿಳಿ ಬಣ್ಣ ನೋಡಿದರು.

"ಅಡುಗೆಮನೆ ಮೇಲೆ ಬಾಕಿ ಇತ್ತು, ಮಾವ."

"ಎಷ್ಟು ಕೋಟ್ ಹೊಡೆದೆ?"

"ಎರಡು. ಅವರು ಒಂದೇ ಹೊಡೆದು ಜಂಬ ಕೊಚ್ಕೊಂಡಿದ್ರು," ಎಂದವಳು, ಬಂದ ನಗುವನ್ನು ತಡೆಯದೆ ರೋಲರನ್ನು ಅವರ ಕೈಗಿಟ್ಟಳು.